ದೇವಬಾಗದ ಅರ್ಧ ಜೆಟ್ಟಿ

ಎಷ್ಟು ಬೇಕೋ ಅಷ್ಟೇ ಕೇಳಿದೆನಲ್ಲ, ಅದೇ ನಾನು ಮಾಡಿದ ತಪ್ಪು. ಎರಡು ಸಾವಿರದ ದಶಕದ ಶುರುವಿನಲ್ಲಿ ಕಾರವಾರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಾನು ಹೊಸ ಗುಮಾಸ್ತ. ಮುಂದಿನ ಬಜೆಟ್ಟಿಗೆ ನಮ್ಮ ಬೇಡಿಕೆ ಬರೆದು ದಿಲ್ಲಿಗೆ ಕಳಿಸುವುದು ನನ್ನ ಕೆಲಸ. ದೇವಬಾಗದ ಮೀನುಗಾರರಿಗೆ ದೋಣಿ ನಿಲ್ಲಿಸಿ ಮೀನು ಇಳಿಸಲು ಜೆಟ್ಟಿ ಬೇಕಿತ್ತು. ಸಮುದ್ರ ಇಳಿದಾಗಲೂ ದೋಣಿ ತಾಗುವಷ್ಟು ಉದ್ದ ಅಳೆಸಿ, ಅಷ್ಟಕ್ಕೇ ಬರೆದೆ.

"ದುಪ್ಪಟ್ಟು ಬರೆಯೋ ಮಾರಾಯಾ, ಅಲ್ಲಿ ಕಣ್ಣು ಮುಚ್ಚಿ ಅರ್ಧ ಕತ್ತರಿಸ್ತಾರೆ" ಅಂದರು ಹೆಡ್ ಕ್ಲಾರ್ಕು. ನಾನು ಕೇಳಲಿಲ್ಲ.

ದಿಲ್ಲಿಯ ಸಚಿವಾಲಯ ಅರ್ಧ ಕತ್ತರಿಸಿತು. ಹಣಕಾಸಿನವರು ತಲೆಯಾಡಿಸಿದರು, ಸಂಸತ್ತು ಮೇಜು ಕುಟ್ಟಿ ಪಾಸು ಮಾಡಿತು. ಅಷ್ಟು ಜನರಲ್ಲಿ ಒಬ್ಬರಾದರೂ, ಅರ್ಧ ಜೆಟ್ಟಿ ಇಟ್ಟುಕೊಂಡು ಏನು ಮಾಡುತ್ತೀರಿ ಅಂತ ಕೇಳಬಾರದೇ? ಕಟ್ಟಿದ್ದೂ ಅರ್ಧವೇ. ನೀರು ಇಳಿದರೆ ಅದರ ತುದಿ ಕೆಸರಲ್ಲಿ. ಹೆಂಗಸರು ಮೀನಿನ ಬುಟ್ಟಿ ಹೊತ್ತು ಮೊಣಕಾಲುದ್ದ ಕೆಸರು ತುಳಿಯುವುದು ತಪ್ಪಲಿಲ್ಲ.

"ದಿಲ್ಲಿಯವ್ರು ಸಮುದ್ರ ಕಂಡಿಲ್ರಾ?" ಅಂತ ಒಬ್ಬಳು ನನ್ನನ್ನೇ ದಬಾಯಿಸಿದಳು.

ಮರುವರ್ಷ ಬುದ್ಧಿ ಬಂದು, ಉಳಿದರ್ಧಕ್ಕೆ ದುಪ್ಪಟ್ಟು ಬರೆದು ಕಳಿಸಿದೆ. ಬಂದ ಉತ್ತರ ಒಂದೇ ಸಾಲು: ದೇವಬಾಗದಲ್ಲಿ ಜೆಟ್ಟಿ ಈಗಾಗಲೇ ಇದೆ.