ಅತ್ತೆ ಕರೆಯದ ಹೆಸರು

ಹಾರೂಗೇರಿ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸದ ಅರ್ಜಿಗೆ ಬಯೋಡೇಟಾ ಮಾಡಿಸಲು ಕುಳಿತಿದ್ದ ಪೂನಮ ಮೊದಲ ಪ್ರಶ್ನೆಗೇ ಎಡವಿದಳು.

“ಹೆಸರು ಹೇಳ್ರಿ ವೈನಿ,” ಎಂದಳು ಅಂಗಡಿಯ ಕೋಮಲ, ಪರದೆಯಿಂದ ಕಣ್ಣು ತೆಗೆಯದೆ.

“ನಿನಗ ಗೊತ್ತಿಲ್ಲೇನ?”

“ನನಗ ಗೊತ್ತೈತ್ರಿ. ನಿಮ್ಮ ಮಾರ್ಕ್ಸ್ ಕಾರ್ಡಿಗೆ ಗೊತ್ತಿರಬೇಕಲ್ಲ.”

ಪೂನಮ ಚೀಲದಿಂದ ಬಿ.ಕಾಂ. ಅಂಕಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿದ್ದ ಹುಡುಗಿಯ ಹೆಸರು ತ್ರಿಶಲಾ ಭೂಪಾಲ ಮಗದುಮ. ತವರೂರು ಜುಗೂಳದಲ್ಲಿ ಹೊಳೆಯ ಮಂಜು ಏಳುವ ಹೊತ್ತಿಗೆ ಎರಡು ಜಡೆ ಹಾಕಿಕೊಂಡು ಕಾಲೇಜಿನ ಬಸ್ಸಿಗೆ ಓಡುತ್ತಿದ್ದವಳು. ಅವಳನ್ನು ಯಾರೂ ಆ ಹೆಸರಿನಿಂದ ಕರೆದು ಬಹಳ ಕಾಲವಾಗಿತ್ತು. ತವರಿನವರೂ ಈಗ ಪೂನಮ ಎನ್ನುತ್ತಿದ್ದರು.

ಹೆಸರು ಬದಲಾಗಿದ್ದು ಮದುವೆಯ ದಿನ. ತ್ರಿಶಲಾ ಎಂಬುದು ಗಂಡನ ಮನೆಯಲ್ಲಿ ಅದಾಗಲೇ ಒಬ್ಬರ ಹೆಸರಾಗಿತ್ತು: ಅತ್ತೆ ಲಕ್ಷ್ಮಿಬಾಯಿಯ ಅತ್ತೆಯದು. ಆಕೆ ಅಷ್ಟರಲ್ಲಿ ತೀರಿಕೊಂಡು ಗೋಡೆಯ ಮೇಲೆ ಫೋಟೋ ಆಗಿದ್ದರು ನಿಜ. ಆದರೆ ಅತ್ತೆಯ ಹೆಸರನ್ನು ಸೊಸೆಯಾದವಳು ಬಾಯಲ್ಲಿ ತರುವುದುಂಟೆ? ಅದೇ ಹೆಸರು ಹಿಡಿದು ‘ಹಾಲು ಉಕ್ಕಾಕತ್ತೈತಿ, ಎಲ್ಲಿ ಹಾಳಾಗಿ ಹೋದಿ’ ಎಂದು ಹೊಸ ಸೊಸೆಯನ್ನು ಕೂಗುವುದಾದರೂ ಹೇಗೆ? ಮದುವೆಯಲ್ಲಿ ಹೆಸರು ಬದಲಿಸುವ ರೂಢಿ ಹೇಗೂ ಇತ್ತು. ತಟ್ಟೆಯಲ್ಲಿ ಅಕ್ಕಿ ಹರವಿದರು. ಗಂಡ ಪಾರಿಸ ಉಂಗುರ ಹಿಡಿದು ಅದರಲ್ಲಿ ‘ಪೂನಮ’ ಎಂದು ಬರೆದ. ಅಕ್ಕಿಯನ್ನು ಮರುದಿನ ಅನ್ನ ಮಾಡಿ ಉಂಡರು. ಹೆಸರು ಉಳಿಯಿತು.

“ಅನುಭವ?” ಕೋಮಲ ಕೇಳಿದಳು.

“ಎಂಥಾ ಅನುಭವ, ಮನ್ಯಾಗ ಇದ್ದಾಕಿ.”

“ಮತ್ತ ನಮ್ಮ ಓಣಿ ಮಹಿಳಾ ಸಂಘದ ಲೆಕ್ಕ ಯಾರು ಬರೀತಾರ? ನಮ್ಮವ್ವ ದಿನಾ ನಿಮ್ಮನ್ನ ಹೊಗಳಿ ನನ್ನ ಬೈತಾಳ.”

“ಅದನ್ನೂ ಬರೀಬಹುದೇನ?”

“ಅದನ್ನ ಮೊದಲ ಬರಿಯೋದು. ಹವ್ಯಾಸ ಏನ್ರಿ?”

ಪೂನಮ ಸ್ವಲ್ಪ ಯೋಚಿಸಿದಳು. “ಸಂಜೀಕ ಕಬ್ಬಿನ ಹೊಲದ ಬದುವಿನ ಮ್ಯಾಲೆ ಒಬ್ಬಾಕಿನ ಅಡ್ಡಾಡೋದು.”

“ವಾಕಿಂಗ್ ಅಂತ ಹಾಕ್ತೀನಿ,” ಎಂದು ಕೋಮಲ ನಕ್ಕಳು.

ಒಂದೇ ಹಾಳೆಯಲ್ಲಿ ಎಲ್ಲ ಮುಗಿಯಿತು. ಬಿಸಿಬಿಸಿಯಾಗಿ ಹೊರಬಂದ ಅದನ್ನು ಪೂನಮ ಎರಡೂ ಕೈಯಲ್ಲಿ ಹಿಡಿದು ಓದಿದಳು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ತ್ರಿಶಲಾ. ಊರಿಂದ ಬಂದ ಹಳೆಯ ಗೆಳತಿಯನ್ನು ಸಂತೆಯ ಗದ್ದಲದಲ್ಲಿ ಅಚಾನಕ ಕಂಡ ಹಾಗಾಯಿತು.

ಅಥಣಿ ದಾರಿಯಲ್ಲಿ ಒಣದ್ರಾಕ್ಷಿ ಇಡುವ ಹೊಸ ಕೋಲ್ಡ್ ಸ್ಟೋರೇಜ್ ಒಂದು ಶುರುವಾಗಿತ್ತು. ಅಲ್ಲಿ ಲೆಕ್ಕ ನೋಡುವವರು ಬೇಕೆಂಬ ಸುದ್ದಿ ತಂದವನು ಪಾರಿಸನೇ. ಅಂದಿನಿಂದ ಪೂನಮಳಿಗೆ ಆ ಕೆಲಸ ಬಿಟ್ಟು ಬೇರೇನೂ ತಲೆಯಲ್ಲಿ ನಿಲ್ಲಲಿಲ್ಲ. ಜಮಾ ಮತ್ತು ಖರ್ಚು ತಾಳೆಯಾಗಿ ಪುಟದ ಕೆಳಗೆ ಗೆರೆ ಎಳೆಯುವಾಗಿನ ಸಮಾಧಾನ ಅವಳಿಗೆ ಇನ್ನಾವುದರಲ್ಲೂ ಸಿಕ್ಕಿರಲಿಲ್ಲ. ದಿನವಿಡೀ ಅದೇ ಕೆಲಸ, ಅದಕ್ಕೊಂದು ಕುರ್ಚಿ! ಆಸೆ ದೊಡ್ಡದಾಯಿತೆಂದು ಅವಳೇ ಒಳಗೊಳಗೆ ನಾಚಿಕೊಂಡಳು.

ಅರ್ಜಿ ಹಾಕಿದ್ದನ್ನು ಅತ್ತೆಗೆ ಹೇಳಿದಾಗ, “ಹಾಕು ಹಾಕು, ಮನ್ಯಾಗ ನನ್ನ ಮಾರಿ ಎಷ್ಟಂತ ನೋಡ್ತಿ,” ಎಂದರು. ಯಾವ ಹೆಸರಿನಲ್ಲಿ ಎಂದು ಅವರು ಕೇಳಲಿಲ್ಲ. ಇವಳೂ ಹೇಳಲಿಲ್ಲ.

ಆಮೇಲೆ ಕಾಯುವ ದಿನಗಳು. ಫೋನು ಅವಳ ಜೊತೆ ಅಡುಗೆಮನೆಗೆ, ಹಿತ್ತಲಿಗೆ, ಬಸದಿಯ ಮೆಟ್ಟಿಲವರೆಗೆ ಓಡಾಡಿತು. ಬಚ್ಚಲಿಗೆ ಮಾತ್ರ ಬರಲಿಲ್ಲ.

ಒಂದು ಸಂಜೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಗಡಿಬಿಡಿಯಲ್ಲಿ ಪೂನಮ ರೊಟ್ಟಿ ಬಡಿಯುತ್ತಿದ್ದಳು. ಲಕ್ಷ್ಮಿಬಾಯಿ ತಟ್ಟೆ ಇಡುತ್ತ ನಕ್ಕರು.

“ಇವತ್ತ ಒಂದು ಮಜಾ ಆತು. ನೀ ಜಳಕಕ್ಕ ಹೋಗಿದ್ದಿ, ನಿನ್ನ ಫೋನು ಬಡಕೊಂತು. ಎತ್ತಿದರ, ಯಾರೋ ನಮ್ಮತ್ತಿನ ಕೇಳಾಕತ್ತಿದ್ದ!”

“ಯಾರನ್ನ?”

“ಅವರನ್ನ ಬೇ.” ಗೋಡೆಯ ಮೇಲಿನ ಫೋಟೋದ ಕಡೆ ಗದ್ದ ಎತ್ತಿ ತೋರಿಸಿದರು. “ಅವ್ರು ತೀರಿಕೊಂಡು ಭಾಳ ವರ್ಷ ಆತ್ರಿ ಅಂದೆ. ಪಾಪ, ಆ ಮನುಷ್ಯಾಗ ಎಷ್ಟ ಕೆಟ್ಟ ಅನಿಸ್ತೋ, ತಪ್ಪಾತ್ರಿ ತಪ್ಪಾತ್ರಿ ಅಂತ ಫೋನ್ ಇಟ್ಟ.”

ಪೂನಮಳ ಕೈಕೆಳಗಿನ ರೊಟ್ಟಿ ಅಂಚಿನಲ್ಲಿ ಸೀಳಿತು.

“ಅತ್ಯಾರ,” ಎಂದಳು ಮೆಲ್ಲಗೆ, “ಅದು ನಾನರಿ.”

ಲಕ್ಷ್ಮಿಬಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಾರಿಸ ಬಿದ್ದು ಬಿದ್ದು ನಗತೊಡಗಿದವನು ತಾಯಿಯ ಮುಖ ನೋಡಿ ಫೋನು ಕೈಗೆತ್ತಿಕೊಂಡ. ಆ ನಂಬರಿಗೆ ತಿರುಗಿ ಮಾಡಿದ. ಆಫೀಸು ಮುಚ್ಚಿತ್ತು, ಯಾರೂ ಎತ್ತಲಿಲ್ಲ.

“ಇರ್ಲಿ ಬಿಡ್ರಿ,” ಎಂದಳು ಪೂನಮ. ಹಿಟ್ಟನ್ನು ಮತ್ತೆ ಉಂಡೆ ಮಾಡಿದಳು.

“ನಾಳಿ ನಾ ಹೋಗಿ ಹೇಳಿ ಬರ್ತೀನಿ,” ಎಂದ ಪಾರಿಸ.

“ನೀ ಯಾಕ?” ಲಕ್ಷ್ಮಿಬಾಯಿ ಮಗನ ಮೇಲೆ ಹರಿಹಾಯ್ದರು. “ಸತ್ತಾಳಂತ ಹೇಳಿದಾಕಿ ನಾನು. ಬದುಕ್ಯಾಳಂತ ನಾನ ಹೇಳ್ತೀನಿ.”

ಮರುದಿನ ಅತ್ತೆ ಸೊಸೆ ಅಥಣಿ ಬಸ್ಸು ಹತ್ತಿದರು. ಕೃಷ್ಣೆಯ ಸೇತುವೆ ಬಂದರೂ ಲಕ್ಷ್ಮಿಬಾಯಿ ಮಾತಾಡಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಜಪವಿರಬೇಕೆಂದು ಪೂನಮ ಅಂದುಕೊಂಡಳು.

ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಒಣದ್ರಾಕ್ಷಿಯ ಹುಳಿಸಿಹಿ ವಾಸನೆ ತುಂಬಿತ್ತು. ಸಂದರ್ಶನಕ್ಕೆ ಬಂದವರು ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದರು. ಮ್ಯಾನೇಜರ್ ಸಂಗ್ರಾಮ ಎಳೆಯ ವಯಸ್ಸಿನವನು. “ಬಸಾ ಆಜಿ, ಕೂಡ್ರಿ,” ಎಂದು ಕುರ್ಚಿ ಎಳೆದ.

ಲಕ್ಷ್ಮಿಬಾಯಿ ಕೂರಲಿಲ್ಲ. “ನಿನ್ನಿ ನೀವು ಫೋನ್ ಮಾಡಿದ್ರಲ್ಲ, ಅಕಿ ಇಕಿನರಿ. ನಮ್ಮ ಸೊಸಿ.”

“ಹೆಸರೇನ್ರಿ?”

ಪೂನಮ ಬಾಯಿ ತೆರೆದಳು. ಅತ್ತೆಯ ಕೈ ಅವಳ ಮೊಣಕೈ ಹಿಡಿದು ತಡೆಯಿತು. ಲಕ್ಷ್ಮಿಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮೆಲ್ಲಗೆ ಗಲ್ಲ ಗಲ್ಲ ಬಡಿದುಕೊಂಡರು.

“ತ್ರಿಶಲಾ,” ಎಂದರು.

ಜುಗೂಳದ ಅವ್ವನೂ ಅದನ್ನು ಅಷ್ಟು ನಾಜೂಕಾಗಿ ಕರೆದಿರಲಿಲ್ಲ. ಬಸ್ಸಿನಲ್ಲಿ ಅಲುಗಿದ್ದ ತುಟಿಗಳು ಏನು ಜಪಿಸುತ್ತಿದ್ದವೆಂದು ಪೂನಮಳಿಗೆ ಆಗ ತಿಳಿಯಿತು.

ಸಂಗ್ರಾಮ ಒಮ್ಮೆ ಅಜ್ಜಿಯನ್ನು, ಒಮ್ಮೆ ಸೊಸೆಯನ್ನು ನೋಡಿದ. “ಆಜಿ, ನಿನ್ನಿ ನಾ ಮನಸಿಗೆ ಹಚ್ಚಿಕೊಂಡು ಚಾ ಸುದ್ದಾ ಕುಡೀಲಿಲ್ರಿ,” ಎಂದು ನಗುತ್ತ, ಪಟ್ಟಿಯಲ್ಲಿ ಅಡ್ಡಗೆರೆ ಬಿದ್ದಿದ್ದ ಹೆಸರನ್ನು ಕೆಳಗೆ ಹೊಸದಾಗಿ ಬರೆದುಕೊಂಡ.

ಸರದಿ ಬಂದಾಗ ಒಳಗಿನಿಂದ ಆ ಹೆಸರು ಕೂಗಿದರು. ಪೂನಮ ಕಿಟಕಿಯಾಚೆ ನೋಡುತ್ತ ಕುಳಿತೇ ಇದ್ದಳು. ಲಕ್ಷ್ಮಿಬಾಯಿ ಮೊಣಕೈಯಿಂದ ತಿವಿದರು. “ಏಳು, ನಿನ್ನ ಕರ್ಯಾಕತ್ತಾರ.”

ಮುಂದಿನ ವಾರ ಪೂನಮ ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದಳು. ಫೋನು ಕೆಳಗೆ ಉಳಿದಿತ್ತು. ಮೆಟ್ಟಿಲಲ್ಲಿ ಏದುಸಿರು ಕೇಳಿ ತಿರುಗಿದಳು. ಮೊಣಕಾಲು ನೋವೆಂದು ಮಾಳಿಗೆಯನ್ನೇ ಮರೆತಿದ್ದ ಅತ್ತೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಏರಿ ಬರುತ್ತಿದ್ದರು.

“ಅದಾಳ್ರಿ, ಜೀವಂತ ಅದಾಳ,” ಎನ್ನುತ್ತಿದ್ದರು ಫೋನಿಗೆ. “ಕೊಟ್ಟೆ, ಕೊಟ್ಟೆ. ಇಡಬ್ಯಾಡ್ರಿ.”

“ಅಲ್ಲಿಂದನ ಒದರಬಾರದೇನ್ರಿ ಅತ್ಯಾರ?”

“ಪೂನಮ ಅಂತ ಒದರಿದರ ಇವ್ರು ಮತ್ತ ತಪ್ಪು ತಿಳೀತಾರ. ನಮ್ಮತ್ತಿ ಫೋಟೋದ ಮುಂದ ಆ ಹೆಸರು ಹೆಂಗ ಒದರಲಿ?” ಎಂದು ಲಕ್ಷ್ಮಿಬಾಯಿ ಫೋನು ಅವಳ ಒದ್ದೆ ಕೈಗೆ ಕೊಟ್ಟರು. “ಸೋಮವಾರದಿಂದ ಬಾ ಅನ್ನಾಕತ್ತಾರ. ಹೂಂ ಅನ್ನು ಲಗೂನ.”