ಇಲಿಯ ಕಿವಿಯ ಉಣ್ಣಿ

ವಿಜಾಪುರ ಕಡೆಯ ಮುರಿಗೆಪ್ಪ ಮುಂಬಯಿಗೆ ಬಂದು, ೧೯೫೫ರ ಸುಮಾರಿಗೆ, ಇಲಿ ಹಿಡಿಯುವ ನೌಕರಿಗೆ ಸೇರಿದ. ಪರೇಲಿನ ಒಂದು ಪ್ರಯೋಗಶಾಲೆಯಲ್ಲಿ ಮಂಗಳೂರಿನ ಡಾಕ್ಟರ್ ಶೇಖರರು ಕಾಡಿಲಿಗಳ ರಕ್ತ ಪರೀಕ್ಷಿಸುತ್ತಿದ್ದರು. ಗೋರೆಗಾಂವ್ ಗುಡ್ಡದ ಪೊದೆಗಳಲ್ಲಿ ಸಂಜೆ ಬೋನು ಇಟ್ಟು, ಬೆಳಿಗ್ಗೆ ಸಿಕ್ಕ ಇಲಿಗಳನ್ನು ಚೀಲದಲ್ಲಿ ಹಾಕಿ ಲೋಕಲ್ ಹತ್ತಬೇಕು. ಚೀಲ ಮಿಸುಕಾಡಿದರೆ ಪಕ್ಕದವರು ತಾವಾಗಿಯೇ ಜಾಗ ಬಿಡುತ್ತಿದ್ದರು.

ಆ ಇಲಿಗಳ ಕೆಂಪು ರಕ್ತಕಣಗಳೊಳಗೆ ಡಾಕ್ಟರಿಗೆ ಒಂದು ಪರಾವಲಂಬಿ ಜೀವಿ ಕಂಡಿತ್ತು. ಅದನ್ನು ಇಲಿಯಿಂದ ಇಲಿಗೆ ಒಯ್ಯುವುದು ಉಣ್ಣಿಯೇ ಎಂದು ಅವರ ಊಹೆ. ಆದರೆ ಬಂದ ಯಾವ ಇಲಿಯ ಮೈಮೇಲೂ ಉಣ್ಣಿ ಇರಲಿಲ್ಲ.

"ನಮಗೆ ಬೇಕಾದ್ದು ಸಿಗ್ತಾ ಇಲ್ಲ ಮಾರಾಯ. ದೀಪಾವಳಿಯೊಳಗೆ ಸಿಗದಿದ್ದರೆ ಈ ಕೆಲಸ ನಿಲ್ಲಿಸ್ತಾರೆ" ಎಂದರು ಡಾಕ್ಟರು ಒಂದು ದಿನ.

ಕೆಲಸ ನಿಂತರೆ ಮುರಿಗೆಪ್ಪನ ನೌಕರಿಯೂ ಹೋದಂತೆಯೇ. ಹೆಂಡತಿ ದಾನವ್ವ ಊರಿಂದ ಕಾಂದಿವಲಿಯ ಚಾಳಿಗೆ ಆಗಷ್ಟೇ ಬಂದಿದ್ದಳು. ತಾನು ಕೊಡುವ ಇಲಿ ಚೊಕ್ಕವಾಗಿಲ್ಲವೇನೋ ಎಂದುಕೊಂಡ ಮುರಿಗೆಪ್ಪ ಮೊದಲಿಗಿಂತ ಹೆಚ್ಚು ಮುತುವರ್ಜಿ ವಹಿಸಿದ.

ಕೊನೆಗೆ ಡಾಕ್ಟರೇ ಒಂದು ಬೆಳಿಗ್ಗೆ ಗುಡ್ಡಕ್ಕೆ ಬಂದರು. ಮುರಿಗೆಪ್ಪ ಇಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಡಿದು, ಅದರ ಕಿವಿಯಿಂದ ಎಳ್ಳುಕಾಳಿನಷ್ಟು ಏನನ್ನೋ ಕಿತ್ತು ಬೀಡಿಯ ಕೆಂಡಕ್ಕೆ ಒತ್ತುತ್ತಿದ್ದ.

"ಏನು ಮಾಡ್ತಾ ಇದ್ದೀ?"

"ಉಣ್ಣಿ ತಗೀಲಿಕತ್ತೀನ್ರಿ ಸಾಹೇಬ್ರ."

"ದಿನಾ ತೆಗೀತೀಯಾ?"

"ತಗೀದ ಬಿಡ್ತಾರೇನ್ರಿ? ಊರಾಗ ಎತ್ತಿನ ಮೈಮ್ಯಾಲ ಒಂದ್ ಉಣ್ಣಿ ಕಂಡ್ರ ನಮ್ಮಪ್ಪ ನನ್ನ ಊಟಕ್ಕ ಕರೀತಿದ್ದಿಲ್ಲ. ಇವು ನಿಮ್ಮ ಕೈಗೆ ಕೊಡೂ ಇಲಿ. ಹೊಲಸ ಕೊಡ್ಲೇನ್ರಿ?"

ಡಾಕ್ಟರು ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತರು. "ನಾನು ಹುಡುಕ್ತಾ ಇದ್ದದ್ದೇ ಆ ಉಣ್ಣಿ, ಮಾರಾಯ."

ಮುರಿಗೆಪ್ಪ ಬೀಡಿ ಆರಿಸಿದ. "ಇಲಿ ಬೇಕಂತ ಅಂದಿದ್ರಿ. ಉಣ್ಣಿ ಬೇಕಂತ ಅನಲಿಲ್ಲಲ್ರಿ."

"ಅನ್ನಲಿಲ್ಲ. ಇಲಿಯ ಜೊತೆಗೇ ಬರ್ತದೆ ಅಂದುಕೊಂಡೆ."

ಮರುದಿನದಿಂದ ಇಲಿಗಳು ಹೇಗಿದ್ದವೋ ಹಾಗೆಯೇ, ಬಾಯಿ ಬಿಗಿದ ಬಿಳಿ ಚೀಲಗಳಲ್ಲಿ ಪರೇಲಿಗೆ ಹೋದವು. ದೀಪಾವಳಿಗೆ ಮೊದಲೇ ಕೆಲವು ಉಣ್ಣಿಗಳೊಳಗೆ ಡಾಕ್ಟರಿಗೆ ಅದೇ ಜೀವಿ ಕಂಡಿತು. ಕೆಲಸ ಮುಂದುವರಿಯಿತು, ಮುರಿಗೆಪ್ಪನ ನೌಕರಿಯೂ ಉಳಿಯಿತು.

ಕೈ ಮಾತ್ರ ಮಾತು ಕೇಳಲಿಲ್ಲ. ಇಲಿಯ ಕಿವಿಯಲ್ಲಿ ಉಣ್ಣಿ ಕಂಡರೆ ಹೆಬ್ಬೆರಳು ತೋರುಬೆರಳು ತಾವಾಗಿ ಕೂಡುತ್ತಿದ್ದವು. ಆಗ ಅವನು ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ರಜೆಯ ದಿನ ಚಾಳಿನ ಹಿಂದಿನ ತಬೇಲಾಕ್ಕೆ ಹೋಗಿ, ಯಾರದೋ ಎಮ್ಮೆಗಳ ಮೈಯಿಂದ ತೃಪ್ತಿಯಾಗುವಷ್ಟು ಉಣ್ಣಿ ಕೀಳುತ್ತಿದ್ದ.

"ವಾರೆಲ್ಲ ಉಣ್ಣಿ ಸಾಕ್ತಾನ, ಐತವಾರಕ್ಕೊಮ್ಮೆ ಕೊಲ್ತಾನ" ಎಂದು ದಾನವ್ವ ನೆರೆಯವರಿಗೆ ಹೇಳುತ್ತಿದ್ದಳು.