ಬೀದಿಗೆ ಮುಖಮಾಡಿದ ಪರದೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಹುಣಸೆ ಬೀಜವನ್ನು ಕಲ್ಲಿನಿಂದ ಜಜ್ಜಿದರೆ ಒಡೆಯುತ್ತದಲ್ಲ, ಹಾಗೆ. ಹುಡುಗಿಯಾಗಿದ್ದಾಗ ಆದ ಗಾಯ, ಮುಪ್ಪಾದರೂ ಕೂಡಿರಲಿಲ್ಲ. ಆ ಸೀಳಿಗೆ ದಾರದ ತುದಿ ಸಿಕ್ಕಿಸಿಕೊಂಡು ಸೂಜಿ ಪೋಣಿಸುತ್ತಿದ್ದರು. ಮೊದಲ ಸಲ ನೋಡಿ ನಾನು ಮುಖ ತಿರುಗಿಸಿದೆ. ಆಮೇಲೆ ರೂಢಿಯಾಯಿತು.

ನಮ್ಮ ಎದುರುಮನೆಯವರು, ಇಂಗ್ಲೆಂಡಿನ ಹೆಂಗಸು. ಗಂಡ ಇಲ್ಲಿ ಹ್ಯೂಸ್ಟನ್ನಿನ ಬಾಹ್ಯಾಕಾಶ ಕೇಂದ್ರಕ್ಕೆ ಇಂಜಿನಿಯರ್ ಆಗಿ ಬಂದು, ಕ್ಲಿಯರ್ ಲೇಕ್‌ನಲ್ಲಿ ಮನೆ ಕೊಂಡು, ಇಲ್ಲಿಯೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಕನ್ನಡದವರು ಇಲ್ಲಿ ಹಿರಿಯ ಹೆಂಗಸರನ್ನೆಲ್ಲ ಆಂಟಿ ಅನ್ನುತ್ತಾರೆ. ಎಪ್ಪತ್ತು ದಾಟಿದ ನಾನು ಯಾರನ್ನು ಆಂಟಿ ಅನ್ನಲಿ? ಅಕ್ಕ ಎಂದೆ. ಅವರು ನನ್ನನ್ನು ‘ಲವ್’ ಎಂದು ಕರೆದರು. ನನಗೆ ಸಿಟ್ಟು ಬಂತು. ಅವರ ಊರ ಕಡೆ ಅದು ತಂಗೀ ಅಂದ ಹಾಗೆ ಎಂದು ಸೊಸೆ ಹೇಳಿದ ಮೇಲೆ ಸುಮ್ಮನಾದೆ.

ಪರಿಚಯವಾದದ್ದು ಕೌದಿಯಿಂದ. ಹಳೆಯ ಸೀರೆ, ಧೋತರ, ಅಂಗಿ ಕತ್ತರಿಸಿ, ತುಂಡಿಗೆ ತುಂಡು ಸೇರಿಸಿ ಸಾಲು ಹೊಲಿಗೆ ಹಾಕಿದ ಹೊದಿಕೆ ಅದು. ನಾನು ಕಲಿತದ್ದು ಮೂರನೇ ಇಯತ್ತೆ. ಕೈಗೆ ಬರುವ ವಿದ್ಯೆ ಕೌದಿಯೊಂದೇ. ಧಾರವಾಡದಿಂದ ಬರುವಾಗ ಒಂದನ್ನು ಹೊತ್ತು ತಂದಿದ್ದೆ. ಮಗ ಅದನ್ನು ಕಪಾಟಿನ ಮೇಲಿನ ಖಾನೆಗೆ ಏರಿಸಿಬಿಟ್ಟಿದ್ದ.

“ಅವ್ವಾ, ಮನ್ಯಾಗ ಇಷ್ಟು ಕಂಫರ್ಟರ್ ಅದಾವ. ಮಂದಿ ಬಂದ್ರ ಏನಂತಾರ?”

“ಕೌದಿ ಅಂತಾರ. ಮತ್ತೇನಂತಾರ?” ಎಂದೆ. ಆದರೂ ಅದು ಮೇಲೆಯೇ ಉಳಿಯಿತು.

ಒಂದು ದಿನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಇಳಿಸಿ, ಮನೆಮುಂದಿನ ಗಿಡದ ಮೇಲೆ ಬಿಸಿಲಿಗೆ ಹರವಿದೆ. ಎದುರುಮನೆಯಿಂದ ಅಕ್ಕ ಕೋಲು ಊರಿಕೊಂಡು ರಸ್ತೆ ದಾಟಿ ಬಂದರು. ನಮಸ್ಕಾರ ಇಲ್ಲ, ಹಲೋ ಇಲ್ಲ. ಕೌದಿಯ ಅಂಚು ಎತ್ತಿ ಹಿಂಬದಿ ನೋಡಿದರು. ಆ ಸೀಳು ಉಗುರನ್ನು ಹೊಲಿಗೆಯ ಸಾಲಿನ ಮೇಲೆ ಎಳೆದರು. ಎಲ್ಲಿಯೂ ತಡೆಯಲಿಲ್ಲ. “ಗುಡ್” ಎಂದರು. ನಾನು ಈ ದೇಶಕ್ಕೆ ಬಂದ ಮೇಲೆ ನನ್ನ ಕೆಲಸವನ್ನು ಕೈಯಿಂದ ಮುಟ್ಟಿ ನೋಡಿದ ಮೊದಲ ಮನುಷ್ಯರು ಅವರು.

ಅಂದಿನಿಂದ ಸಂಜೆಯ ಚಹಾ ಅವರ ಮನೆಯಲ್ಲಿ. ನನ್ನ ಇಂಗ್ಲಿಷ್ ಅಂಗಡಿಯ ಇಂಗ್ಲಿಷ್. ಅವರು ಕಲಿತ ಕನ್ನಡ ಚಹಾ, ಸಾಕು, ಬ್ಯಾಡ. ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದಾಗಲೆಲ್ಲ ಸಕ್ಕರೆ ಕಾಯಿಲೆಯ ನಾನು ಬ್ಯಾಡ ಎನ್ನುತ್ತಿದ್ದೆ, ಆ ಮಾತು ಅವರಿಗೆ ಬಹಳ ಹಿಡಿಸಿತ್ತು. ಉಳಿದದ್ದಕ್ಕೆ ಹೈಸ್ಕೂಲು ಓದುವ ಮೊಮ್ಮಗಳು ಬರುತ್ತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ. ಅಕ್ಕನ ಇಂಗ್ಲಿಷನ್ನು ನನ್ನ ಇಂಗ್ಲಿಷಿಗೆ ಇಳಿಸುತ್ತಿದ್ದಳು. ಹಾಗಾಗಿ ಇಲ್ಲಿ ಅಕ್ಕ ಅಂದರು ಎಂದು ಬರೆದದ್ದೆಲ್ಲ ನನಗೆ ತಿಳಿದ ಮಟ್ಟಿಗೆ.

ಅಕ್ಕ ಸಂಭಾವಿತರೇನಲ್ಲ. ಹುಲ್ಲಿನ ಮೇಲೆ ಸೈಕಲ್ ಹೊಡೆದ ಮಕ್ಕಳನ್ನು ಬೈಯುತ್ತಿದ್ದರು. ನನ್ನ ಮಗ ಮೆಲ್ಲಗೆ ಕಾರು ನಡೆಸುವುದನ್ನು ನೋಡಿ, ಹೆಣದ ಗಾಡಿಯ ಡ್ರೈವರ್ ಆಗಬಹುದಿತ್ತು ಎಂದಿದ್ದರು. ಟೆಕ್ಸಾಸಿನವರು ಚಹಾಕ್ಕೆ ಬರ್ಫ ಹಾಕುವುದನ್ನು ಕೊನೆಯತನಕ ಕ್ಷಮಿಸಲಿಲ್ಲ. ಏನು ಕೆಟ್ಟದ್ದಾದರೂ, ಯಾರು ಸತ್ತರೂ, ಅವರದ್ದು ಒಂದೇ ಮಾತು: “ಆಯಿತು. ಕೆಟಲ್ ಇಡು.”

ಒಂದು ಸಂಜೆ ಚಹಾಕ್ಕೆ ಮೊದಲು ನಾನು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡೆ. ಅಕ್ಕ ಅದೇನೆಂದು ಮೊಮ್ಮಗಳನ್ನು ಕೇಳಿದರು. ಅವಳು ಹೇಳಿದ್ದೇ ತಡ, ಎದ್ದು ಹೋಗಿ ಟ್ರಂಕಿನ ಮುಚ್ಚಳ ತೆಗೆಸಿದರು. ಒಳಗೊಂದು ಪರದೆಯ ಬಟ್ಟೆ. ಇಟ್ಟಂಗಿ ಕೆಂಪು, ಸಾಸಿವೆ ಹಳದಿ, ಕಪ್ಪು. ಸುತ್ತು, ಸುತ್ತಿನೊಳಗೆ ಸುತ್ತು, ನಮ್ಮ ರಂಗೋಲಿಯ ಚುಕ್ಕಿಗಳೆಲ್ಲ ಊದಿಕೊಂಡ ಹಾಗೆ.

“ಅಜ್ಜೀ! ದಿಸ್ ಈಸ್ ಇನ್ಸುಲಿನ್!” ಎಂದು ಮೊಮ್ಮಗಳು ಬಟ್ಟೆಯ ಅಂಚಿನಲ್ಲಿ ಅಚ್ಚಾಗಿದ್ದ ಹೆಸರು ಓದಿ ಕೂಗಿದಳು.

“ಹುಚ್ಚಿ, ಅದು ಪಡದಾ” ಎಂದೆ.

ಅವಳು ಹೇಳಿದ್ದೇ ಸರಿಯಿತ್ತು. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಉತ್ಸವವಾಯಿತಂತೆ. ಬ್ರಿಟನ್ ಉತ್ಸವ ಎಂದೇ ಹೆಸರು. ಯುದ್ಧ ಮುಗಿದಿತ್ತು, ಬಾಂಬು ಬಿದ್ದ ಮನೆಗಳು ಇನ್ನೂ ಬಿದ್ದೇ ಇದ್ದವು. ಸಕ್ಕರೆ, ಮಾಂಸ, ಚಹಾಪುಡಿಗೆ ರೇಷನ್. ತಿನ್ನಲಿಕ್ಕಿಲ್ಲ, ಉತ್ಸವ ಯಾರಿಗೆ ಬೇಕು ಎಂದು ಬೈದವರಿದ್ದರು. ಆದರೂ ಲಂಡನ್ನಿನ ಹೊಳೆಯ ದಂಡೆಯ ಮೇಲೆ ಬಟ್ಟಲು ಬೋರಲು ಹಾಕಿದಂಥ ದೊಡ್ಡ ಗುಮ್ಮಟ, ನೆಲಕ್ಕೆ ತಾಗದೆ ಗಾಳಿಯಲ್ಲೇ ನಿಂತ ಹಾಗೆ ಕಾಣುವ ಕಬ್ಬಿಣದ ಸೂಜಿ, ಕಲೆ, ವಿಜ್ಞಾನ, ಹೊಸ ಮಾದರಿಯ ಕುರ್ಚಿ ಬಟ್ಟೆ ಎಲ್ಲ ಇಟ್ಟರು. ವಿಜ್ಞಾನಿಗಳು ಎಕ್ಸ್‌ರೇ ಹಾಯಿಸಿ ಇನ್ಸುಲಿನ್‌ನಂಥ ಔಷಧಿಯ ಹರಳಿನೊಳಗೆ ಏನಿದೆ ಎಂದು ಕಂಡುಕೊಂಡಿದ್ದರು. ಆ ಚಿತ್ರಗಳನ್ನೇ ಪರದೆಗೆ, ತಟ್ಟೆಗೆ, ಗೋಡೆಯ ಕಾಗದಕ್ಕೆ ಅಚ್ಚು ಹಾಕಿಸಿದರು. ಅಕ್ಕ ಆಗ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯಲ್ಲಿ ಕೂಲಿ ಹುಡುಗಿ. ಬಣ್ಣ ಬಳಿಯುವ ಮರದ ಚೌಕಟ್ಟು ಜಾರಿ ಹೆಬ್ಬೆರಳಿನ ಮೇಲೆ ಬಿತ್ತು. ಬಟ್ಟೆಯ ಮೇಲೆ ರಕ್ತ. ಮೇಲ್ವಿಚಾರಕಿ ಪರದೆಗಾಗುವಷ್ಟು ಉದ್ದದ ಆ ತುಂಡನ್ನು ಕತ್ತರಿಸಿ ಮುಖಕ್ಕೆ ಎಸೆದಳಂತೆ: “ತೊಗೊ, ನಿನ್ನ ರಕ್ತ ನೀನೇ ಇಟ್ಟುಕೊ.”

ಮೂಲೆಯಲ್ಲಿ ಕಂದು ಕಲೆ ಹಾಗೆಯೇ ಇತ್ತು.

“ಆ ಉತ್ಸವ ಏನಾಯ್ತು?” ಎಂದು ಕೇಳಿದೆ.

“ಸರಕಾರ ಬದಲಾಯಿತು. ಹೊಸಬರು ಬಂದವರೇ ಎಲ್ಲ ಕೆಡವಿಸಿದರು. ಗುಮ್ಮಟ ಹೋಯಿತು, ಸೂಜಿ ಗುಜರಿಗೆ ಹೋಯಿತು. ನನ್ನ ಕೈ ಮಾಡಿದ್ದರಲ್ಲಿ ಉಳಿದದ್ದು ಇದೊಂದು” ಎಂದರು. ಬಟ್ಟೆಯ ಸುಕ್ಕು ಬಿಡಿಸುತ್ತ, “ಟ್ರಂಕಿನಲ್ಲಿಟ್ಟರೆ ಕೆಡವಿದ ಹಾಗೆಯೇ ಅಲ್ಲವೆ, ಲವ್?” ಎಂದರು.

ಮರುದಿನ ಪರದೆ ರಸ್ತೆಯ ಕಡೆಯ ದೊಡ್ಡ ಕಿಟಕಿಗೆ ಬಂತು. ತಾವು ಇದ್ದಷ್ಟು ದಿನ ಅದನ್ನು ಯಾರೂ ಇಳಿಸಕೂಡದು ಎಂದು ಅಕ್ಕ ಹಟ ತೊಟ್ಟರು.

ನಮ್ಮ ಕಾಲೋನಿಗೆ ಒಂದು ಸಂಘವಿದೆ. ಹುಲ್ಲು ಎಷ್ಟು ಎತ್ತರ, ಬಾಗಿಲಿಗೆ ಯಾವ ಬಣ್ಣ, ಎಲ್ಲ ಅವರೇ ಹೇಳಬೇಕು. ರಸ್ತೆಗೆ ಕಾಣುವ ಪರದೆ ಬಿಳಿಯದೇ ಇರಬೇಕು. ಆ ಸಂಘಕ್ಕೆ ಸೆಕ್ರೆಟರಿ ಯಾರು? ನನ್ನ ಮಗ. ನೋಟೀಸು ಬರೆಯುವವನು ಅವನೇ.

“ಅವ್ವಾ, ನಿನ್ನ ಅಕ್ಕಗ ಹೇಳು. ಕಂಪ್ಲೇಂಟ್ ಬಂದಾವ.”

“ಯಾರು ಕೊಟ್ರು?”

“ಹೇಳಂಗಿಲ್ಲ.”

“ಹೇಳಾಕ ನಾಚಿಕಿ ಬರೂವಂಥಾ ಕೆಲಸ ಯಾಕ ಮಾಡ್ತಾರ?”

“ಅದು ಹಳೀ ಬಟ್ಟಿ ಅವ್ವಾ, ಹರದೈತಿ. ಸೆಕ್ರೆಟರಿ ಅವ್ವ ಅಲ್ಲೇ ಕುಂತು ಚಹಾ ಕುಡೀತಾಳ ಅಂತ ನನಗ ಮಂದಿ ನಗತಾರ. ರೂಲ್ಸ್ ಎಲ್ಲಾರಿಗೂ ಒಂದ.”

ಹರಿದದ್ದೇನೋ ನಿಜ. ಹ್ಯೂಸ್ಟನ್ನಿನ ಬಿಸಿಲು ಆ ಬಟ್ಟೆಯನ್ನು ಹಪ್ಪಳ ಮಾಡಿತ್ತು. ಒಂದು ದಿನ ಅಕ್ಕ ಸರಿಸಲು ಹೋದರೆ ಕೈಗೆ ಬಂತು. ಅಕ್ಕ ಚೂರನ್ನು ನೋಡಿದರು, ನನ್ನನ್ನು ನೋಡಿದರು. ಕೆಟಲ್ ಇಡು ಎನ್ನಲಿಲ್ಲ. ಆ ಮಾತು ಅವರ ಬಾಯಿಂದ ಬಾರದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಇಲ್ಲಿ ಕೊಡ್ರಿ” ಎಂದು ಕಿತ್ತುಕೊಂಡೆ. ಹರಿದ ಬಟ್ಟೆ ಕಂಡು ಕೈ ಕಟ್ಟಿ ಕೂರುವ ಜಾತಿ ನನ್ನದಲ್ಲ. ಗಟ್ಟಿ ಇದ್ದಷ್ಟನ್ನು ಕತ್ತರಿಸಿ, ಸುತ್ತಿಗೆ ಸುತ್ತು ಹೊಂದಿಸಿ, ನಮ್ಮವರ ಬಿಳಿ ಧೋತರದ ಮೇಲೆ ಕೂಡಿಸಿ, ಒತ್ತೊತ್ತಾಗಿ ಕೌದಿ ಹೊಲಿಗೆ ಹಾಕಿದೆ. ಧೋತರ ಸುಮ್ಮನೆ ಊರಿಂದ ತಂದ ಪೆಟ್ಟಿಗೆಯಲ್ಲಿ ಬಿದ್ದಿತ್ತು, ಅದನ್ನು ಉಡುವವರೂ ಹೋಗಿ ವರ್ಷಗಳಾಗಿದ್ದವು. ರಕ್ತದ ಕಲೆಯ ತುಂಡನ್ನು ಬಿಡಲೇ ಎಂದು ಕೇಳಿದೆ. “ಬ್ಯಾಡ” ಎಂದರು. ಅದೂ ಸೇರಿತು. ನಮ್ಮ ಮನೆಯಲ್ಲಿ ಕೌದಿಯ ಕಡೆಯ ಮೂಲೆ ಮುಚ್ಚುವ ಮುಂಚೆ ಒಳಗೆ ನಾಲ್ಕು ಕಾಳು ಜೋಳ ಹಾಕುವ ಪದ್ಧತಿ, ಕೌದಿ ಹಸಿದಿರಬಾರದು ಅಂತ. ನಾನು ಜೋಳ ಹಾಕಿದೆ. ಅಕ್ಕ ಡಬ್ಬಿ ತೆಗೆದು ಚಿಟಿಕೆ ಚಹಾಪುಡಿ ಹಾಕಿದರು. “ಆಗ ಇದಕ್ಕೂ ರೇಷನ್ ಇತ್ತು” ಎಂದರು.

ಹೊಲಿಯುವಾಗ ನನ್ನ ತಲೆಯಲ್ಲೊಂದು ಉಪಾಯವಿತ್ತು. ಕೌದಿಗೆ ಎರಡು ಮುಖ. ಬಿಳಿ ಮುಖ ರಸ್ತೆಗಿರಲಿ, ಚಿತ್ರ ಒಳಗೆ ಅಕ್ಕನ ಕಣ್ಣಿಗಿರಲಿ. ಮಗನಿಗೆ ಹೇಳಿದೆ. ಅವನು ಕುಣಿದಾಡಿದ. “ಪರ್ಫೆಕ್ಟ್, ಅವ್ವಾ! ಮೀಟಿಂಗ್‌ನ್ಯಾಗ ನಾನ ಹೇಳ್ತೀನಿ.”

ಸಂಘದ ಸಭೆ ಈಜುಕೊಳದ ಪಕ್ಕದ ಹಾಲಿನಲ್ಲಿ. ಅಕ್ಕ ಕೆಂಪು ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದರು. ಮಗ ಎದ್ದು ನಿಂತು, ಬಹಳ ಮರ್ಯಾದೆಯಿಂದ, ಬಿಳಿ ಬದಿ ಹೊರಗೆ ಹಾಕಿದರೆ ಎಲ್ಲ ಮುಗಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಎಲ್ಲರೂ ತಲೆಯಾಡಿಸಿದರು. ಅಧ್ಯಕ್ಷ ನಗುತ್ತ, ಒಪ್ಪಿಗೆಯೇ ಎಂದು ಕೇಳಿದ.

ಅಕ್ಕ ನನ್ನ ಮಗನ ಮುಖವನ್ನೇ ನೋಡಿ, “ಬ್ಯಾಡ” ಎಂದರು.

ಹಾಲಿನಲ್ಲಿ ಅದು ತಿಳಿದದ್ದು ನಮ್ಮ ಮನೆಯವರಿಗಷ್ಟೇ. ಮೊಮ್ಮಗಳು ಕಿಸಕ್ಕನೆ ನಕ್ಕಳು. ಮಗನ ಕಿವಿ ಕೆಂಪಾಯಿತು.

ಆಮೇಲೆ ಅಕ್ಕ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೊಮ್ಮಗಳು ಮನೆಯಲ್ಲಿ ನನಗೆ ಬಿಡಿಸಿ ಹೇಳಿದಳು: “ಯುದ್ಧದ ಕಾಲದಲ್ಲಿ ನಮ್ಮ ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿಸಿದರು. ಬೆಳಕು ಕಂಡರೆ ವಿಮಾನ ಬಾಂಬು ಹಾಕುತ್ತದೆ ಎಂದರು. ಕಾರಣ ಇತ್ತು, ಕಟ್ಟಿದೆವು. ಯುದ್ಧ ಮುಗಿದ ಮೇಲೆ ಈ ಬಣ್ಣ ಮಾಡಿದ್ದೇ ಹೊರಗಿನವರು ನೋಡಲಿ ಅಂತ. ನಿಮ್ಮ ಬಿಳಿ ಬಟ್ಟೆಗೆ ಏನು ಕಾರಣ? ಯಾವ ವಿಮಾನ ಬರುತ್ತದೆ?”

ಮತಕ್ಕೆ ಹಾಕಿ ಕೈ ಎತ್ತಿಸಿದರು. ನೋಟೀಸು ಕಳಿಸಬೇಕು ಎಂದೇ ಆಯಿತು. ನನ್ನ ಮಗನೂ ಕೈ ಎತ್ತಿದ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಕಾರಿನಲ್ಲಿ, “ಅವ್ವಾ, ನಾ ಏನ್ ಮಾಡ್ಲಿ? ಪೋಸ್ಟ್‌ನ್ಯಾಗ ಅದೀನಿ” ಎಂದ.

“ಪೋಸ್ಟಿನಾಗ ಇರು. ನಾನು ಚಹಾಕ್ಕ ಹೋಗ್ತೀನಿ.”

ಆ ಸಂಜೆಯೇ ಅಕ್ಕ ಮತ್ತು ನಾನು ಕೂಡಿ ಪರದೆ ಏರಿಸಿದೆವು, ಚಿತ್ರ ರಸ್ತೆಗೆ. ನನ್ನ ಉಪಾಯ ನನಗೇ ಬೇಡವಾಗಿತ್ತು. ನನ್ನ ಕೌದಿ ಕಪಾಟಿನ ಖಾನೆಯಲ್ಲಿ ಯಾಕೆ ಕೂತಿದೆ ಎಂದು ಅಂದೇ ತಿಳಿದದ್ದು. ನಾನೇ ಬಿಳಿ ಬದಿ ಹೊರಗೆ ಹಾಕಿಕೊಂಡು ಇಷ್ಟು ವರ್ಷ ಆ ಮನೆಯಲ್ಲಿ ಕೂತಿದ್ದೆ. ಮನೆಗೆ ಬಂದವಳೇ ಸ್ಟೂಲು ಹಾಕಿ ಅದನ್ನು ಇಳಿಸಿದೆ. ಅಂದಿನಿಂದ ಅದು ಹಾಲಿನ ಸೋಫಾದ ಮೇಲಿದೆ. ಬಂದ ಮಂದಿ ಅದರ ಮೇಲೇ ಕೂಡುತ್ತಾರೆ, ಏನೂ ಅನ್ನುವುದಿಲ್ಲ. ಲೂಯಿಸ್‌ವಿಲ್‌ನಿಂದ ಮಗಳು ಫೋನ್ ಮಾಡಿ, “ಅವ್ವಾ, ಅಣ್ಣನ ಕೂಡ ಯಾಕ ಜಗಳ?” ಎಂದಳು. ಜಗಳ ಅಲ್ಲ, ಚಹಾ ಎಂದೆ.

ನೋಟೀಸುಗಳು ಬಂದವು. ಅಕ್ಕ ಅವುಗಳ ಬೆನ್ನಿನ ಮೇಲೆ ಅಂಗಡಿಯಿಂದ ತರಬೇಕಾದ ಸಾಮಾನು ಬರೆದುಕೊಳ್ಳುತ್ತಿದ್ದರು. ಕಾಗದ ಚೆನ್ನಾಗಿದೆ ಎಂದು ನನ್ನ ಮಗನಿಗೆ ಹೇಳಿಕಳಿಸಿದರು. ದಂಡ ಹಾಕುತ್ತೇವೆ ಎಂದು ಬಂತು. ಹಾಕಿ ಎಂದರು. ಪರದೆ ಇಳಿಯಲಿಲ್ಲ. ಬೆಳಗ್ಗೆ ವಾಕ್ ಹೋಗುವವರು ಅಲ್ಲಿ ನಿಂತು ನೋಡುವುದನ್ನು ನಾನು ನಮ್ಮ ಅಡಿಗೆಮನೆಯಿಂದ ನೋಡುತ್ತಿದ್ದೆ. ಒಂದು ದಿನ ಅಧ್ಯಕ್ಷನ ಹೆಂಡತಿಯೇ ಫೋಟೋ ತೆಗೆದುಕೊಂಡು ಹೋದಳು.

ಹೋದ ಚಳಿಗಾಲದಲ್ಲಿ ಅಕ್ಕ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹಾಸಿಗೆ ಹಿಡಿಯಲಿಲ್ಲ, ಯಾರಿಂದಲೂ ಏನೂ ಮಾಡಿಸಿಕೊಳ್ಳಲಿಲ್ಲ. ಒಳ್ಳೆಯ ಸಾವು. ನೋಡಿದವಳು ನಾನೇ. ಆ ಹೆಬ್ಬೆರಳು ತಣ್ಣಗಾಗಿತ್ತು. ಫೋನ್ ಮಾಡಬೇಕಾದವರಿಗೆ ಮೊಮ್ಮಗಳಿಂದ ಮಾಡಿಸಿ, ಅವರು ಬರುವತನಕ ಕೆಟಲ್ ಇಟ್ಟೆ. ಅಳಲಿಲ್ಲ. ಅತ್ತಿದ್ದರೆ ಬೈಯುತ್ತಿದ್ದರು.

ಆಸ್ಟಿನ್‌ನಿಂದ ಗಂಡನ ಕಡೆಯ ಸಂಬಂಧಿ ಬಂದು ಮನೆ ಖಾಲಿ ಮಾಡಿದ. ಸಭ್ಯ ಮನುಷ್ಯ. ನಿಮಗೇನಾದರೂ ಬೇಕೇ ಎಂದು ಕೇಳಿದ. ಕಿಟಕಿ ತೋರಿಸಿದೆ. ಆ ಚಿಂದಿಯೇ ಎಂದು ಬೆರಗಾಗಿ ಬಿಚ್ಚಿಕೊಟ್ಟ.

ಅದನ್ನು ಟ್ರಂಕಿಗೆ ಹಾಕಲಿಲ್ಲ. ಮೊಮ್ಮಗಳು ಏಣಿ ಹತ್ತಿದಳು, ನಾನು ಕೆಳಗೆ ಹಿಡಿದೆ. ನಮ್ಮ ಮನೆಯ ರಸ್ತೆ ಕಡೆಯ ಕಿಟಕಿಗೆ ಕಟ್ಟಿದೆವು. ಇಟ್ಟಂಗಿ ಕೆಂಪು, ಸಾಸಿವೆ ಹಳದಿ, ಅಕ್ಕನ ರಕ್ತದ ಕಲೆ ಎಲ್ಲ ಹೊರಗೆ. ನಮ್ಮವರ ಧೋತರ ಒಳಗೆ.

ಸಂಜೆ ಮಗನ ಕಾರು ಬಂತು. ಇಳಿದವನು ಬಾಗಿಲಿಗೆ ಬಾರದೆ ಅಂಗಳದಲ್ಲೇ ನಿಂತ. ನಾನು ಹೊರಗೆ ಹೋದೆ.

“ಅವ್ವಾ. ನಾ ಸೆಕ್ರೆಟರಿ ಅದೀನಿ.”

“ಗೊತ್ತೈತಿ.”

“ಈ ಮನೀಗೆ ನೋಟೀಸ್ ಬರ್ತದ.”

“ನೀನ ಬರಿ. ಹೆಸರು ನಂದ ಹಾಕು, ನಿಂದಲ್ಲ” ಎಂದೆ. “ಕಾಗದ ಮಾತ್ರ ಛಲೋದು ತೊಗೊ. ಸಾಮಾನ ಬರೀಲಿಕ್ಕೆ ಬೇಕು.”